ಗೊಂಬೆಯ ಅಳತೆಗೆ ಹೊಲಿದ ಬೀಗ

ಇನ್ನು ಮೇಲೆ ನಮ್ಮ ಫೋನನ್ನು ನನ್ನ ಅಪ್ಪಣೆಯಿಲ್ಲದೆ ಅದನ್ನು ತಯಾರಿಸಿದ ಕಂಪನಿಯವನೂ ತೆರೆಯಕೂಡದು! ಹೀಗೆಂದು ನಾನು ಒಂದು ಬೆಳಿಗ್ಗೆ ಘೋಷಿಸಿದೆ. ಘೋಷಿಸಿದ್ದು ಹೊಲಿಗೆ ಯಂತ್ರದ ಹಿಂದೆ ಕೂತು, ತುಟಿಯ ನಡುವೆ ಗುಂಡುಸೂಜಿ ಕಚ್ಚಿಕೊಂಡು. ಆದ್ದರಿಂದ ನನ್ನ ಹೆಂಡತಿಗೆ ಕಡೆಯ ಪದ ಮಾತ್ರ ಕೇಳಿಸಿತು.

"ಏನು ಕೂಡದು?" ಎಂದಳು, ಕೈಯಲ್ಲಿನ ಕತ್ತರಿ ನಿಲ್ಲಿಸದೆ.

ಸೂಜಿ ತೆಗೆದು ಮತ್ತೊಮ್ಮೆ ಘೋಷಿಸಿದೆ.

"ತೆರೆದು ಏನ್ರೀ ನೋಡ್ತಾರೆ? ಜನರ ಸೊಂಟದ ಅಳತೆನಾ?"

"ಅದನ್ನೇ! ಜನ ನಮ್ಮನ್ನ ನಂಬಿ ತಮ್ಮ ಸೊಂಟ ಒಪ್ಪಿಸಿದ್ದಾರೆ. ಅದನ್ನ ಕಾಪಾಡೋದು ನನ್ನ ಕರ್ತವ್ಯ!"

ಅವಳು ನನ್ನ ಕಡೆ ನೋಡಿದ ರೀತಿಯನ್ನು ಇಲ್ಲಿ ವರ್ಣಿಸುವುದಿಲ್ಲ. ಮದುವೆಯಾದವರಿಗೆ ಗೊತ್ತಿರುತ್ತದೆ, ಆಗದವರಿಗೆ ಹೇಳಿ ಹೆದರಿಸುವುದು ಬೇಡ.

ನಮ್ಮದು ಕೋಟು, ಪ್ಯಾಂಟು ಹೊಲಿಯುವ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಬಾಗಿಲು. ಅಂಗಡಿಯ ಮೂಲೆಯಲ್ಲಿ ಪರದೆ ಕಟ್ಟಿದ ಒಂದು ಪುಟ್ಟ ಜಾಗವಿದೆ. ಗಿರಾಕಿ ಅದರೊಳಗೆ ನಿಲ್ಲುತ್ತಾನೆ, ನಾನು ಟೇಪು ಹಿಡಿದು ಅಳತೆ ಕೂಗುತ್ತೇನೆ, ಹೊರಗೆ ಕತ್ತರಿಸುವ ಮೇಜಿನ ಹತ್ತಿರ ನಿಂತ ಹೆಂಡತಿ ಅದನ್ನು ಟಕಟಕನೆ ಫೋನಿಗೆ ಒತ್ತುತ್ತಾಳೆ. ಮನೆಗೂ ಅಂಗಡಿಗೂ ಇರುವುದು ಅದೊಂದೇ ಫೋನು. ಈ ಬೀದಿಯ ಅರ್ಧ ಜನರ ಎದೆ, ಸೊಂಟ, ಸೀಟು (ಎಂದರೆ ಕೂರುವ ಭಾಗದ ಸುತ್ತಳತೆ), ತೋಳು ಅದರೊಳಗಿವೆ.

ಘೋಷಣೆಗೆ ಕಾರಣ ಪಕ್ಕದ ಕನ್ನಡಕದ ಅಂಗಡಿಯವರು. ಅವರು ಬಸ್ಸಿನಲ್ಲಿ ಫೋನು ಕಳೆದುಕೊಂಡರು. ಅದಕ್ಕೆ ಬೀಗವೇ ಇರಲಿಲ್ಲ. ಸಿಕ್ಕ ಪುಣ್ಯಾತ್ಮ ಫೋನು ಇಟ್ಟುಕೊಂಡಿದ್ದರೆ ಸಾಕಿತ್ತು. ಅವನು ಒಳಗಿನ ಮಾತುಕತೆಯನ್ನೆಲ್ಲ ಓದಿ, ಕನ್ನಡಕದವರ ಹೆಸರಿನಲ್ಲಿ ಅವರ ಮಾವನ ಜೊತೆ ತಣ್ಣಗಾಗಿದ್ದ ಹಳೆಯ ಜಗಳವನ್ನು ಹೊಸದಾಗಿ ಶುರು ಮಾಡಿಬಿಟ್ಟ! ಮಾವನೂ ಬಿಡಲಿಲ್ಲ. ಈಗ ಇವರು ಆಡದ ಮಾತಿಗೆ ಕ್ಷಮೆ ಕೇಳಿಕೊಂಡು ಓಡಾಡುತ್ತಿದ್ದಾರೆ. ಅದನ್ನು ಕಂಡ ಮೇಲೆ ನಾನು ಸುಮ್ಮನಿರಲು ಸಾಧ್ಯವೇ? ಬಿಡುವಾದಾಗಲೆಲ್ಲ ಕೂತು ಓದಿದೆ. ಓದಿ ಪಂಡಿತನಾದೆ. ಪಂಡಿತನಾದ ಮೇಲೆ ಉಪನ್ಯಾಸ ಕೊಡದಿರಲು ಆಗುತ್ತದೆಯೇ?

"ನೋಡು, ಇದು ಬಾಗಿಲಿಗೆ ಹಾಕೋ ಬೀಗ ಅಲ್ಲ," ಎಂದು ಆರಂಭಿಸಿದೆ. "ಬಾಗಿಲಾದರೆ ಒಡೆದು ಒಳಗೆ ಹೋಗಬಹುದು. ಇದಕ್ಕೆ ಎನ್‌ಕ್ರಿಪ್ಷನ್ ಅಂತಾರೆ. ಒಳಗಿರೋ ಒಂದೊಂದು ಅಕ್ಷರ, ಒಂದೊಂದು ಫೋಟೋ, ಎಲ್ಲಾನೂ ಫೋನು ಎಳೆ ಎಳೆಯಾಗಿ ಬಿಚ್ಚಿ ಕಲಸಿ ಇಟ್ಟಿರುತ್ತೆ. ಹೊಲಿದ ಕೋಟನ್ನ ನೂಲು ನೂಲಾಗಿ ಬಿಚ್ಚಿ ರಾಶಿ ಹಾಕಿದ ಹಾಗೆ. ಯಾವ ನೂಲು ಎಲ್ಲಿಗೆ ಅನ್ನೋ ಗುಟ್ಟು ಅರ್ಧ ಫೋನಿನ ಚಿಪ್‌ನಲ್ಲಿದೆ, ಇನ್ನರ್ಧ ನಾವು ಒತ್ತೋ ನಂಬರಿನಲ್ಲಿ. ಎರಡೂ ಸೇರಿದ್ರೆ ಕೋಟು. ಸೇರದಿದ್ರೆ ಬರೀ ನೂಲು! ಕಳ್ಳ ಚಿಪ್ ಕಿತ್ತುಕೊಂಡು ಹೋದ್ರೂ ನೂಲೇ!"

"ಚೆನ್ನಾಗಿದೆ," ಎಂದಳು. ನನ್ನ ಉಪನ್ಯಾಸಕ್ಕೆ ಅವಳು ಇಷ್ಟು ಮಾರ್ಕು ಕೊಟ್ಟದ್ದು ಅದೇ ಮೊದಲು. ನಾನು ಉಬ್ಬಿದೆ.

ಉಬ್ಬಿದವನು ಇನ್ನೆರಡು ಹೆಜ್ಜೆ ಮುಂದೆ ಹೋದೆ. ಫೋನಿನ ಪ್ರತಿ ಬೇರೆಲ್ಲೋ ದೂರದ ಕಂಪ್ಯೂಟರಿನಲ್ಲಿ ಇರುತ್ತದಂತಲ್ಲ, ನಮ್ಮ ಸಾಮಾನು ಕಂಡವರ ಮನೆಯಲ್ಲೇಕೆ ಎಂದು ಅದನ್ನು ಅಳಿಸಿದೆ. ಆಮೇಲೆ, ಯಾರಾದರೂ ಹತ್ತು ಸಲ ತಪ್ಪು ನಂಬರು ಒತ್ತಿದರೆ ಒಳಗಿನದೆಲ್ಲ ತಾನೇ ನಾಶವಾಗುವ ಏರ್ಪಾಟನ್ನೂ ಹಾಕಿದೆ.

"ಹತ್ತು ಸಲ ನಾವೇ ತಪ್ಪು ಒತ್ತಿದ್ರೆ?" ಎಂದಳು ಹೆಂಡತಿ.

"ನಾವ್ಯಾಕೆ ತಪ್ಪು ಒತ್ತುತ್ತೀವಿ? ನಾವೇನು ಕಳ್ಳರಾ?"

ಈಗ ನಂಬರು. ಹುಟ್ಟಿದ ದಿನ, ಮದುವೆಯ ದಿನ ಎಲ್ಲ ಕಳ್ಳರಿಗೆ ಬಾಯಿಪಾಠವಂತೆ. ಯಾವನಿಗೂ ಹೊಳೆಯದ, ನಾವು ಎಂದೂ ಮರೆಯದ ಸಂಖ್ಯೆ ಬೇಕು. ಕಣ್ಣು ಕಿಟಕಿಯ ಗೊಂಬೆಯ ಮೇಲೆ ಬಿತ್ತು! ಕೋಟು ತೊಡಿಸಿ ನಿಲ್ಲಿಸುವ ಗೊಂಬೆ. ತಲೆಯಿಲ್ಲ, ಕೈಯಿಲ್ಲ, ಬರೀ ಮೈ. ಅದು ದಪ್ಪಗಾಗುವುದಿಲ್ಲ, ಸೊರಗುವುದಿಲ್ಲ. ಮರೆತರೂ ಮತ್ತೆ ಅಳೆಯಬಹುದು. ಟೇಪು ಹಿಡಿದು ಅದನ್ನು ತಬ್ಬಿಕೊಂಡು ಅಲ್ಲಿಂದಲೇ ಅಭ್ಯಾಸಬಲದಿಂದ ಕೂಗಿದೆ: "ಎದೆ ಮೂವತ್ತೆಂಟು! ಸೊಂಟ ಮೂವತ್ತೆರಡು! ಸೀಟು ಮೂವತ್ತೊಂಬತ್ತು!" ಅವಳು ಒತ್ತಿದಳು. ಫೋನು ಇನ್ನೊಮ್ಮೆ ಕೇಳಿತು. ಇನ್ನೊಮ್ಮೆ ಕೂಗಿದೆ, ಇನ್ನೊಮ್ಮೆ ಒತ್ತಿದಳು. ಜಗತ್ತಿನ ಪರಮಗುಪ್ತ ಸಂಖ್ಯೆಯನ್ನು ಬೀದಿಗೆ ಕೇಳುವಂತೆ ಎರಡೆರಡು ಬಾರಿ ಕೂಗಿದವನು ನಾನೊಬ್ಬನೇ ಇರಬೇಕು. (ಈಗ ಬದಲಾಯಿಸಿದ್ದೇವೆ. ಪ್ರಯತ್ನಿಸಬೇಡಿ!)

ಆಮೇಲೆ ಆ ನಂಬರಿನ ಅಗತ್ಯವೇ ಬೀಳಲಿಲ್ಲ. ನಮ್ಮಿಬ್ಬರ ಹೆಬ್ಬೆರಳನ್ನೂ ಫೋನಿಗೆ ಪರಿಚಯ ಮಾಡಿಸಿದ್ದೆವು. ಬೆರಳಿಟ್ಟರೆ ತೆರೆಯುತ್ತಿತ್ತು. ಹೀಗಾಗಿ ಬೀಗ ಹಾಕಿದ್ದೇವೆ ಎಂಬುದೇ ಮರೆತು, ಹಾಕಿದ್ದೇನೆ ಎಂಬ ಜಂಬ ಮಾತ್ರ ಉಳಿಯಿತು.

ಒಂದು ಮಧ್ಯಾಹ್ನ ಇಸ್ತ್ರಿಪೆಟ್ಟಿಗೆಗೆ ಪ್ಲಗ್ಗು ಬೇಕೆಂದು ಚಾರ್ಜರು ಕಿತ್ತೆ. ಮತ್ತೆ ಹಾಕಲು ಮರೆತೆ. ಫೋನು ಪೂರ್ತಿ ಆರಿತು. ಚಾರ್ಜು ಮಾಡಿ ಎಬ್ಬಿಸಿ ಹೆಬ್ಬೆರಳಿಟ್ಟೆ. ಬೆರಳು ನಡೆಯುವುದಿಲ್ಲ, ನಂಬರು ಬೇಕು ಎಂದಿತು! ಆರಿ ಎದ್ದ ಮೇಲೆ ಮೊದಲ ಸಲ ಅದು ಯಾರ ಬೆರಳನ್ನೂ ನಂಬುವುದಿಲ್ಲವಂತೆ. ಕಳ್ಳ ಮಲಗಿದವನ ಬೆರಳು ಒತ್ತಿಸಬಹುದು, ತಲೆಯೊಳಗಿನ ಸಂಖ್ಯೆಯನ್ನು ಕೀಳಲಾರ. ನಾನು ಮೆಚ್ಚಿದೆ. "ನೋಡಿದೆಯಾ, ಎಷ್ಟು ಜಾಣ!" ಎಂದು ಹೆಂಡತಿಗೆ ತೋರಿಸಿ, ಮೂವತ್ತೆಂಟು, ಮೂವತ್ತೆರಡು, ಮೂವತ್ತೊಂಬತ್ತು ಒತ್ತಿದೆ.

ತಪ್ಪು ಎಂದಿತು.

ಬೆರಳು ಜಾರಿರಬೇಕು ಎಂದು ಮತ್ತೆ ಒತ್ತಿದೆ. ತಪ್ಪು. ಗೊಂಬೆಯನ್ನು ಮತ್ತೆ ಅಳೆದೆ. ಅದೇ ಅಳತೆ. ಬಹುಶಃ ಅವತ್ತು ಕೋಟಿನ ಮೇಲಿಂದ ಅಳೆದಿದ್ದೆನೋ ಎಂದು ಕೋಟು ತೊಡಿಸಿ ಅಳೆದು ಒತ್ತಿದೆ. ತಪ್ಪು. ಕಿಟಕಿಯ ಹೊರಗೆ ನಾಲ್ಕು ಜನ ನಿಂತು, ತಲೆಯಿಲ್ಲದ ಗೊಂಬೆಗೆ ಕೋಟು ಹಾಕಿ ಬಿಚ್ಚಿ ಮತ್ತೆ ಮತ್ತೆ ತಬ್ಬಿಕೊಳ್ಳುತ್ತಿದ್ದ ನನ್ನನ್ನು ನೋಡುತ್ತಿದ್ದರು. ಹಿಂದುಮುಂದಾಗಿ ಒತ್ತಿದೆ. ತಪ್ಪು. ಫೋನು ಈಗ ಸ್ವಲ್ಪ ಹೊತ್ತು ಕಾಯಿ ಎಂದಿತು. ಇನ್ನೊಮ್ಮೆ ತಪ್ಪಿದಾಗ ಇನ್ನೂ ಹೆಚ್ಚು ಹೊತ್ತು ಕಾಯಿ ಎಂದಿತು. ಹಟಮಾರಿ ಮಗುವನ್ನು ಮೂಲೆಯಲ್ಲಿ ನಿಲ್ಲಿಸುವಂತೆ ನನ್ನನ್ನು ನಿಲ್ಲಿಸುತ್ತ ಹೋಯಿತು.

"ನೀನೇ ಏನೋ ತಪ್ಪು ಒತ್ತಿದ್ದೀಯ!" ಎಂದೆ.

"ನೀವು ಕೂಗಿದ್ದನ್ನೇ ಒತ್ತಿದೆ. ಎರಡು ಸಲ ಒಂದೇ ಥರ ಒತ್ತದಿದ್ರೆ ಅದು ಒಪ್ಪುತ್ತಿತ್ತಾ?"

ಅದು ಸರಿಯೇ. ಒಂದು ತಪ್ಪನ್ನು ಎರಡು ಬಾರಿ ಒಂದೇ ರೀತಿ ಮಾಡಲು ಯಾರಿಂದ ಸಾಧ್ಯ?  "ಹೋಗಲಿ ಬಿಡು. ಅಳತೆ ತಾನೆ? ಒಬ್ಬೊಬ್ಬರನ್ನೇ ಕರೆದು ಮತ್ತೆ ತಗೊಂಡರಾಯಿತು," ಎಂದೆ.

ಅವಳು ಕತ್ತರಿ ಕೆಳಗಿಟ್ಟಳು. ಆಮೇಲೆ, "ಅಮ್ಮ ಇದ್ದಾಳೆ ಅದರೊಳಗೆ," ಎಂದಳು.

 ಅತ್ತೆಯವರಿಗೆ ಅಕ್ಷರ ಒತ್ತುವುದೆಂದರೆ ಬೇಸರ. ಏನಿದ್ದರೂ ದನಿಯಲ್ಲೇ ಕಳಿಸುತ್ತಿದ್ದರು. ಕೊಡೆ ಒಯ್ದೆಯಾ, ಕಾಲುನೋವು ಹೇಗಿದೆ, ಅಳಿಯಂದಿರ ಕೆಮ್ಮು ನಿಂತಿತೇ, ನಿಲ್ಲದಿದ್ದರೆ ಅವರ ಹಟವೇ ಕಾರಣ. ಹೀಗೆ. ಅವರು ತೀರಿಕೊಂಡ ಮೇಲೆ ನನ್ನವಳು ಗುಂಡಿ ಹೊಲಿಯುತ್ತ ಅವನ್ನು ಒಂದೊಂದಾಗಿ ಕೇಳುತ್ತಿದ್ದಳು. ಆದರೆ ಕೊನೆಯದನ್ನು ಕೇಳಿರಲಿಲ್ಲ. ಅದು ಬಂದದ್ದು ಅಂಗಡಿಯಲ್ಲಿ ಗಿರಾಕಿ ತುಂಬಿದ್ದ ಹೊತ್ತು. ಆಮೇಲೆ ಕೇಳೋಣ ಎಂದು ಬಿಟ್ಟಳು. ಅಷ್ಟರಲ್ಲಿ ಆಸ್ಪತ್ರೆ, ಓಡಾಟ, ಎಲ್ಲ ಮುಗಿದೇ ಹೋಯಿತು.

"ಯಾಕೆ ಇನ್ನೂ ಕೇಳಿಲ್ಲ?" ಎಂದು ಹಿಂದೊಮ್ಮೆ ಕೇಳಿದ್ದೆ.

"ಕೇಳಿದ್ರೆ ಮುಗೀತಲ್ಲ. ಇನ್ನೊಂದು ಮಾತು ಬಾಕಿ ಇದೆ ಅಂತ ಇರಲಿ," ಎಂದಿದ್ದಳು.

ಆ ಬಾಕಿ ಮಾತನ್ನು ನಾನು ನೂಲಿನ ರಾಶಿ ಮಾಡಿದ್ದೆ. ನನ್ನದೇ ಕೈಯಿಂದ ಬೇರೆ ಪ್ರತಿಯನ್ನೂ ಅಳಿಸಿದ್ದೆ. ಮುಖ ಎತ್ತಿ ನೋಡಲು ನಾಚಿಕೆಯಾಯಿತು. ಫೋನು ಎತ್ತಿಕೊಂಡು ರಿಪೇರಿ ಅಂಗಡಿಗೆ ಓಡಿದೆ.

ಅಲ್ಲಿ "ಯಾವುದೇ ಫೋನು ತೆರೆದುಕೊಡಲಾಗುವುದು" ಎಂಬ ಫಲಕವೇ ಇತ್ತು. ಜೀವ ಬಂತು.

"ತೆಗೀತೀನಿ ಸಾರ್, ಅರ್ಧ ಗಂಟೆ ಕೆಲಸ," ಎಂದ ರಿಪೇರಿಯವನು. "ಆದರೆ ಒಳಗೆ ಏನೂ ಇರಲ್ಲ. ಹೊಸದರ ಹಾಗೆ ಇರುತ್ತೆ."

"ಒಳಗಿರೋದಕ್ಕೇ ಅಲ್ವೇನ್ರೀ ನಾನು ಬಂದಿರೋದು!"

"ಅದು ಆಗಲ್ಲ ಸಾರ್. ಒಳ್ಳೇ ಲಾಕ್ ಹಾಕಿದ್ದೀರ," ಎಂದು ನನ್ನನ್ನು ಅಭಿನಂದಿಸಿ ಫೋನು ವಾಪಸ್ಸು ಕೊಟ್ಟ. ಜೀವನದಲ್ಲಿ ಒಂದು ಹೊಗಳಿಕೆ ಅಷ್ಟು ಕಹಿಯಾದದ್ದು ಇಲ್ಲ.

ದಾರಿಯುದ್ದಕ್ಕೂ ಯೋಚಿಸಿದೆ. ಫೋನು ನನ್ನದು, ಕೊಂಡ ರಸೀದಿ ನನ್ನ ಹೆಸರಿನದು, ಬೆರಳೂ ನನ್ನದೇ. ಅದಕ್ಕೆ ಇದಾವುದೂ ಬೇಡ. ನಾನು ಯಾರು ಎಂದು ಅದು ಕೇಳುವುದೇ ಇಲ್ಲ. ನಿನಗೇನು ಗೊತ್ತು ಎಂದಷ್ಟೇ ಕೇಳುತ್ತದೆ. ಬಯ್ಯೋಣವೆಂದರೆ ಅದು ಮೋಸವನ್ನೂ ಮಾಡಿಲ್ಲ. ಗೊತ್ತಿಲ್ಲದವನನ್ನು ಒಳಗೆ ಬಿಡಬೇಡ ಎಂದು ನಾನೇ ಹೇಳಿದ್ದೆ, ಅದು ಚಾಚೂ ತಪ್ಪದೆ ನಡೆಸುತ್ತಿದೆ. ನನ್ನ ಮಾತನ್ನು ಇಷ್ಟು ನಿಷ್ಠೆಯಿಂದ ನಮ್ಮ ಮನೆಯಲ್ಲಿ ಮತ್ತಾರೂ ಪಾಲಿಸಿದ್ದಿಲ್ಲ.

ಮರಳಿ ಬಂದು ಹೆಂಡತಿಯ ಎದುರು ಕೂತು ಲೆಕ್ಕ ಹಾಕಿದೆವು. ಒಂಬತ್ತು ಸಲ ತಪ್ಪಿಯಾಗಿತ್ತು, ಹತ್ತರಲ್ಲಿ ಉಳಿದದ್ದು ಒಂದೇ ಅವಕಾಶ.

"ಇನ್ನು ಮುಟ್ಟೋದು ಬೇಡ," ಎಂದಳು. "ತೆರೀದಿದ್ರೂ ಅವಳು ಒಳಗೆ ಇರ್ತಾಳೆ. ನೀವು ಮತ್ತೆ ಒತ್ತಿದ್ರೆ ಅದೂ ಇಲ್ಲ." ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಬಯ್ಯಲಿಲ್ಲ. ಫೋನನ್ನು ಬಟ್ಟೆಯ ತುಂಡಿನಲ್ಲಿ ಸುತ್ತಿ ಮೇಜಿನ ಗೂಡಿನಲ್ಲಿಟ್ಟಳು.

ಅಷ್ಟರಲ್ಲಿ ಬೇಕರಿಯವರು ಕೋಟಿಗೆ ಅಳತೆ ಕೊಡಲು ಬಂದರು. ನಮ್ಮ ಹಳೆಯ ಗಿರಾಕಿ; ಧಾರಾಳ ಮನಸ್ಸು, ಅಷ್ಟೇ ಧಾರಾಳ ದೇಹ. ಮನೆಯಲ್ಲಿ ಏನೇ ಆಗಲಿ, ಬಂದವರನ್ನು ಹಿಂದೆ ಕಳಿಸಲಾಗುವುದಿಲ್ಲವಲ್ಲ. ಅವರನ್ನು ಪರದೆಯೊಳಗೆ ನಿಲ್ಲಿಸಿ, ಎರಡೂ ಕೈ ಎತ್ತಿಸಿ, ಟೇಪು ಸುತ್ತಿ ಕೂಗಿದೆ: "ಎದೆ ನಲವತ್ತೆರಡು! ಸೊಂಟ ನಲವತ್ತು!" ಫೋನಿಲ್ಲದ್ದರಿಂದ ಹೆಂಡತಿ ಸೀಮೆಸುಣ್ಣ ಹಿಡಿದು ಮೇಜಿನ ಮೇಲೆ ಬರೆದುಕೊಂಡಳು. ಹೆಗಲು ಅಳೆಯುವ ಪಟ್ಟಿ ಮರೆತಿದ್ದೆ. "ಹಾಗೇ ಇರಿ, ಬಂದೆ," ಎಂದು ಅವರಿಗೆ ಹೇಳಿ ಹೊರಗೆ ಬಂದೆ.

ಮೇಜಿನ ಮೇಲೆ ಸೊಂಟ ನಲವತ್ತೆರಡು ಎಂದು ಬರೆದಿತ್ತು.

ಇಲ್ಲಿ ನಮ್ಮ ಅಂಗಡಿಯ ಒಂದು ಗುಟ್ಟು ಹೇಳಬೇಕು. ಪರದೆಯ ಹೊರಗೆ ಸಾಮಾನ್ಯವಾಗಿ ನಾಲ್ಕು ಜನ ಕಾಯುತ್ತಿರುತ್ತಾರೆ. ಒಬ್ಬರ ಸೊಂಟವನ್ನು ನಾಲ್ವರ ಮುಂದೆ ಸಾರುವುದು ಸಭ್ಯತೆಯಲ್ಲ. ಅದಕ್ಕೇ ಅಂಗಡಿ ತೆರೆದ ದಿನದಿಂದ ನಾನು ಸೊಂಟವನ್ನು ಎರಡು ಇಂಚು ಕಮ್ಮಿ ಕೂಗುತ್ತೇನೆ, ಅವಳು ಎರಡು ಕೂಡಿಸಿ ದಾಖಲಿಸುತ್ತಾಳೆ. ಗಿರಾಕಿ ಹಿರಿಹಿರಿ ಹಿಗ್ಗುತ್ತಾನೆ, ಕೋಟು ಸರಿಯಾಗಿ ಕೂರುತ್ತದೆ. ಇದು ನಮ್ಮಿಬ್ಬರಿಗೆ ಬಿಟ್ಟು ಮೂರನೆಯವರಿಗೆ ಗೊತ್ತಿಲ್ಲ. ಎನ್‌ಕ್ರಿಪ್ಷನ್ ಎಂಬ ಪದ ಕೇಳುವ ಎಷ್ಟೋ ಮೊದಲೇ ನಾವು ಇಡೀ ಬೀದಿಯ ಸೊಂಟವನ್ನು ಹಾಗೆ ಕಾಪಾಡುತ್ತಿದ್ದೆವು!

ನಾನು ಮೇಜು ನೋಡಿದೆ. ಅವಳು ನನ್ನನ್ನು ನೋಡಿದಳು. ಇಬ್ಬರೂ ಒಟ್ಟಿಗೇ ಗೊಂಬೆಯನ್ನು ನೋಡಿದೆವು.

"ಗೊಂಬೆಗೂ ಕೂಡಿಸಿದೆಯಾ?" ಎಂದೆ ಮೆಲ್ಲಗೆ.

"ನೀವು ಅದೇ ರಾಗದಲ್ಲಿ ಕೂಗಿದ್ರಲ್ಲ! ಕೈ ತಾನೇ ಕೂಡಿಸಿರುತ್ತೆ!"

"ನಾನು ಇದ್ದದ್ದನ್ನೇ ಕೂಗಿದ್ದೆ! ಗೊಂಬೆಗೆ ಎಂಥ ನಾಚಿಕೆ?"

"ಅದು ನನ್ನ ಕೈಗೆ ಹೇಗೆ ಗೊತ್ತಾಗಬೇಕು?"

ನಾನು ಆಗಲೇ ಫೋನು ಬಿಚ್ಚಿದ್ದೆ. ಅವಳು ನನ್ನ ಕೈ ಹಿಡಿದಳು. "ತಡೀರಿ! ಎದೆಗೆ ನಾನು ಕೂಡಿಸಲ್ಲ. ಸೊಂಟಕ್ಕೆ ಖಂಡಿತ ಎರಡು. ಸೀಟಿಗೆ?"

ಸೀಟು ಬೇರೆ ಸಮಸ್ಯೆ. ಅದನ್ನು ನಾನು ಎಲ್ಲರಿಗೂ ಕಮ್ಮಿ ಮಾಡುವುದಿಲ್ಲ, ಸಂಕೋಚದ ಸ್ವಭಾವದವರಿಗೆ ಮಾತ್ರ. ಗಿರಾಕಿ ಪರದೆ ದಾಟುವಾಗಿನ ಮುಖ ನೋಡಿ ಅವಳು ಅದನ್ನು ತಿಳಿದುಕೊಳ್ಳುತ್ತಾಳೆ.

"ಗೊಂಬೆಯ ಮುಖ ನೋಡಿ ಏನನ್ನಿಸಿತ್ತು?" ಎಂದೆ.

"ತಲೆಯೇ ಇಲ್ಲದ್ದಕ್ಕೆ ಮುಖ ಎಲ್ಲಿಂದ ನೋಡ್ಲಿ?"

ಒಂದೇ ಅವಕಾಶ. ಕೂಡಿಸಿದ್ದಳೋ ಇಲ್ಲವೋ, ಅವಳಿಗೇ ಗೊತ್ತಿಲ್ಲ. ನನಗೆ ಧೈರ್ಯ ಸಾಲಲಿಲ್ಲ. "ಬೇಡ ಬಿಡು. ನೀನು ಹೇಳಿದ್ದೇ ಸರಿ. ಹಾಗೇ ಇಟ್ಟುಕೊಳ್ಳೋಣ," ಎಂದೆ. 

ಅವಳು ನನ್ನ ಕೈಯಿಂದ ಫೋನು ತೆಗೆದುಕೊಂಡಳು. ಆಮೇಲೆ ಅದನ್ನು ಹಿಡಿದುಕೊಂಡು ಮೇಜಿನ ಹತ್ತಿರ ಎಂದಿನಂತೆ ನಿಂತಳು. "ಹೋಗಿ, ಗೊಂಬೆಗೆ ಟೇಪು ಸುತ್ತಿ ಕೂಗಿ. ಯಾವತ್ತಿನ ಥರಾನೇ. ನಾನು ಯೋಚನೆ ಮಾಡಲ್ಲ. ಕೈಗೆ ಬಿಡ್ತೀನಿ."

ಹೋಗಿ ಗೊಂಬೆಯನ್ನು ಅಪ್ಪಿದೆ. ಕೂಗಲು ಹೋದರೆ ಪಿಸುಮಾತು ಬಂತು.

"ಹಾಗಲ್ಲ! ಗಿರಾಕಿ ಇರೋ ಹಾಗೆ ಜೋರಾಗಿ!"

"ಎದೆ ಮೂವತ್ತೆಂಟು! ಸೊಂಟ ಮೂವತ್ತೆರಡು! ಸೀಟು ಮೂವತ್ತೊಂಬತ್ತು!"

ಟಕ್ ಟಕ್, ಟಕ್ ಟಕ್, ಟಕ್ ಟಕ್. ನಾನು ಗೊಂಬೆಯ ಎದೆಗೆ ಮುಖವೊತ್ತಿ ಕಣ್ಣು ಮುಚ್ಚಿಕೊಂಡೆ. ಸದ್ದಿಲ್ಲ. ಕಣ್ಣು ತೆರೆದರೆ ಅವಳು ಕುರ್ಚಿಯಲ್ಲಿ ಕುಸಿದಿದ್ದಳು, ಕೈಯಲ್ಲಿ ಫೋನು ಬೆಳಗುತ್ತಿತ್ತು. ತೆರೆದಿತ್ತು!

"ಏನು ಒತ್ತಿದೆ?" ಎಂದು ಓಡಿದೆ.

"ಗೊತ್ತಿಲ್ಲ ರೀ," ಎಂದಳು, ಅಳುತ್ತಲೂ ನಗುತ್ತಲೂ. ನಿಜವಾಗಿಯೂ ಗೊತ್ತಿರಲಿಲ್ಲ. ಫೋನಿನ ಪರದೆಯ ಮೇಲೆ ಅಂಕಿಗಳ ಬದಲು ಚುಕ್ಕಿಗಳಷ್ಟೇ ಕಂಡಿದ್ದವು. ನಮ್ಮ ಮನೆಯ ಪರಮಗುಪ್ತ ಸಂಖ್ಯೆ ನನ್ನ ಬಾಯಿಗೂ ಗೊತ್ತಿಲ್ಲ, ಅವಳ ತಲೆಗೂ ಗೊತ್ತಿಲ್ಲ. ನಾನು ಕೂಗಿದರೆ ಅವಳ ಕೈಗೆ ಗೊತ್ತು, ಅಷ್ಟೆ. ಇಬ್ಬರಲ್ಲಿ ಒಬ್ಬರಿಲ್ಲದಿದ್ದರೆ ಆ ಬೀಗ ಎಂದೂ ತೆರೆಯುತ್ತಿರಲಿಲ್ಲ ಎಂದು ಹೊಳೆದಾಗ ಒಂದು ಕ್ಷಣ ಭಯವಾಯಿತು. ಅವಳ ಪಕ್ಕ ಹೋಗಿ ಕೂತೆ.

"ಈಗಲೇ ಕೇಳ್ತೀನಿ," ಎಂದಳು. "ಬಾಕಿ ಇಟ್ಟಿದ್ದು ಸಾಕು." ಒತ್ತಿದಳು.

ಅತ್ತೆಯವರ ದನಿ ಅಂಗಡಿ ತುಂಬಿತು. "ಮಗಳೇ, ಇದು ನಿನಗೊಬ್ಬಳಿಗೇ. ಅಳಿಯಂದ್ರು ಪಕ್ಕದಲ್ಲಿದ್ರೆ ಆಮೇಲೆ ಕೇಳು."

ನಾನು ಏಳಲು ಹೋದೆ. ಅವಳು ತೋಳು ಹಿಡಿದು ಕೂರಿಸಿದಳು.

"ಮೊನ್ನೆ ಚಳಿಗೊಂದು ಕೋಟು ಅಂತ ನಿಮ್ಮಲ್ಲಿ ಅಳತೆ ಕೊಟ್ಟು ಬಂದೆನಲ್ಲ, ನನ್ನ ಸೊಂಟನ ಮೂವತ್ತಾರು ಅಂತ ಕೂಗಿದ್ರು ಕಣೇ! ನಗು ತಡೆಯೋಕಾಗದೆ ಕೆಮ್ಮು ಬಂದ ಹಾಗೆ ಮಾಡ್ದೆ. ನನ್ನ ಸೊಂಟ ನನಗೆ ಗೊತ್ತಿಲ್ವಾ? ಅವರು ಎರಡು ಕಮ್ಮಿ ಕೂಗ್ತಾರೆ ಅಂತ ನಿಮ್ಮ ಬೀದೀಲಿ ಎಲ್ರಿಗೂ ಗೊತ್ತಂತೆ. ಯಾರೂ ಅವರ ಮುಂದೆ ಆಡಲ್ಲ. ಅಷ್ಟು ಆಸೆಯಿಂದ ಸುಳ್ಳು ಹೇಳ್ತಾರೆ, ಪಾಪ, ಮನಸ್ಸು ನೋಯಿಸೋದು ಯಾಕೆ ಅಂತ. ನೀನೂ ಹೇಳಬೇಡ. ಒಳ್ಳೆ ಮನುಷ್ಯ. ಸರಿ, ಇಡ್ತೀನಿ. ಇದನ್ನ ನಿಲ್ಲಿಸೋದು ಎಲ್ಲಿ... ಇಲ್ಲೇ ಎಲ್ಲೋ ಒತ್ತಬೇಕಿತ್ತು..."

ಅಲ್ಲಿಗೆ ನಿಂತಿತು. ಹೆಂಡತಿ ಫೋನನ್ನು ಮಡಿಲಲ್ಲಿಟ್ಟುಕೊಂಡಳು. ಆ ಕೋಟನ್ನು ಅತ್ತೆ ತೊಡಲಿಲ್ಲ. ಕತ್ತರಿಸಿದ ಬಟ್ಟೆ ಇನ್ನೂ ಒಳಗಿನ ಬೀರುವಿನಲ್ಲಿದೆ. ನನಗೂ ಕಣ್ಣು ತುಂಬಿತು. ಆದರೆ ನಿಜ ಹೇಳುತ್ತೇನೆ, ಅಂಥ ಹೊತ್ತಿನಲ್ಲೂ ಒಂದು ಮಾತು ಮುಳ್ಳಿನಂತೆ ಚುಚ್ಚುತ್ತಿತ್ತು.

"ಎಲ್ರಿಗೂ ಗೊತ್ತಂತೆ!" ಎಂದೆ. "ಸಾಧ್ಯವೇ ಇಲ್ಲ. ಅತ್ತೆಗೆ ಯಾರೋ ಸುಮ್ಮನೆ ಹೇಳಿರಬೇಕು. ಇಷ್ಟು ವರ್ಷದಲ್ಲಿ ಒಬ್ಬನೇ ಒಬ್ಬ ಗಿರಾಕಿಗೆ ಸಂಶಯ ಬಂದಿದ್ದು ನೋಡಿದ್ದೀಯಾ?"

ಪರದೆಯ ಹಿಂದಿನಿಂದ ಯಾರೋ ಕೆಮ್ಮಿದರು. ಅಯ್ಯೋ! ಬೇಕರಿಯವರು! ಹೋಗಿ ಪರದೆ ಸರಿಸಿದೆ. ಅವರು ಎರಡೂ ಕೈ ಎತ್ತಿಕೊಂಡು, ಮುಖ ಕೆಂಪಗೆ ಮಾಡಿಕೊಂಡು, ಬಿಟ್ಟುಹೋದ ಭಂಗಿಯಲ್ಲೇ ನಿಂತಿದ್ದರು.

"ನಿಮಗೂ ಗೊತ್ತಿತ್ತಾ?" ಎಂದೆ.

"ಮನೇಲಿ ನಮ್ಮದೂ ಒಂದು ಟೇಪಿದೆ ಸ್ವಾಮಿ," ಎಂದರು ಬೇಕರಿಯವರು, ಉಸಿರು ಕಟ್ಟಿದ ದನಿಯಲ್ಲಿ. "ಅದಕ್ಕೇ ಬಂದಾಗಲೆಲ್ಲ ಹೊಟ್ಟೆ ಒಳಗೆ ಎಳ್ಕೊಂಡು ನಿಲ್ತೀನಿ, ನೀವು ತೀರಾ ದೊಡ್ಡ ಸುಳ್ಳು ಹೇಳೋ ಹಾಗಾಗಬಾರದು ಅಂತ. ಈಗ ಬಿಡಬಹುದಾ?"